ದುಡಿಮೆಯ ಮನೆಗಳೊಳಗಿನ ಗಾಳಿ: ಸಾವಳಗಿ–ಬನಹಟ್ಟಿ ಪರಿಸರದ ಒಂದು ಅವಲೋಕನ

ಜನಪದ ವಾಸ್ತುವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ವಾಸದ ಮನೆ, ಗುಡಿ, ಮಠಗಳ ಸುತ್ತಲೇ ನಡೆದಿವೆ. ದುಡಿಮೆಗೆಂದು ಕಟ್ಟಿದ ಮನೆಗಳು ಹಾಗೂ ಅವುಗಳೊಳಗಿನ ಗಾಳಿ ಸಂಶೋಧಕರ ಗಮನ ಸೆಳೆದದ್ದು ಕಡಿಮೆ. ಬಾಗಲಕೋಟೆ ಜಿಲ್ಲೆಯ ಸಾವಳಗಿ ಮತ್ತು ರಬಕವಿ–ಬನಹಟ್ಟಿ ಪರಿಸರದಲ್ಲಿ ಇಂಥ ಎರಡು ಬಗೆಯ ಕಟ್ಟಡಗಳಿವೆ: ಒಣದ್ರಾಕ್ಷಿಯ ಶೆಡ್ಡು ಮತ್ತು ನೇಕಾರಿಕೆಯ ಮನೆ. ಮೊದಲನೆಯದು ಗಾಳಿಯನ್ನು ಬರಮಾಡಿಕೊಳ್ಳುತ್ತದೆ. ಎರಡನೆಯದು ಅದನ್ನು ತಡೆಯುತ್ತದೆ. ಈ ಭೇದದ ಕಾರಣವನ್ನೂ ಅದು ದುಡಿಯುವವರ ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಾವಳಗಿ ಭಾಗದ ದ್ರಾಕ್ಷಿ ಬೆಳೆಗಾರರು ಕೊಯ್ದ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಶೆಡ್ಡಿಗೆ ಮಾಡು ಉಂಟು, ಗೋಡೆಯಿಲ್ಲ. ಬಿಸಿಲನ್ನು ತಡೆದು ಒಣಗಾಳಿಯನ್ನು ಮಾತ್ರ ಒಳಬಿಟ್ಟರೆ ಸುಮಾರು ಎರಡು ವಾರಗಳಲ್ಲಿ ಹಣ್ಣು ಒಣಗುತ್ತದೆ. ಇಲ್ಲಿ ಗಾಳಿಯೇ ಇಂಧನ.

ನೇಕಾರನಿಗೆ ಬೇಕಾದದ್ದು ಇದಕ್ಕೆ ವಿರುದ್ಧವಾದುದು. ಹತ್ತಿಯ ನೂಲು ತೇವವಿದ್ದಷ್ಟು ಗಟ್ಟಿ. ಒಣಗಾಳಿ ಬೀಸಿದರೆ ಹಾಸಿನ ಎಳೆಗಳು ತುಂಡಾಗುತ್ತವೆ. ಕುಣಿಮಗ್ಗದಲ್ಲಿ ನೇಕಾರ ಕುಣಿಯೊಳಗೆ ಕಾಲಿಳಿಬಿಟ್ಟು ಕೂರುತ್ತಾನೆ. ಹಾಸು ನೆಲಕ್ಕೆ ಹತ್ತಿರವಿರುವುದರಿಂದ ಮಣ್ಣಿನ ತಂಪು ನೂಲಿಗೆ ದೊರೆಯುತ್ತದೆ. ದಪ್ಪ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಹಗಲಿನ ಕಾವನ್ನು ತಡೆಯುತ್ತವೆ. ಮಾಳಿಗೆಯ ಬೆಳಕಿಂಡಿ ಹೆಸರಿಗೆ ಬೆಳಕಿನದಾದರೂ ಬಿಸಿಯಾದ ಹಗುರ ಗಾಳಿ ಹೊರಹೋಗುವ ದಾರಿಯೂ ಹೌದು. ಅದು ಹೊರಟಷ್ಟೂ ಕೆಳಗಿನ ಬಾಗಿಲಿನಿಂದ ತಂಪು ಗಾಳಿ ಒಳಬರುತ್ತದೆ. ತೇವ ಉಳಿಯುವುದು ಮತ್ತು ಗಾಳಿ ಬದಲಾಗುವುದು ಎಂಬ ಎರಡೂ ಕಾರ್ಯಗಳು ವಿದ್ಯುತ್ತಿಲ್ಲದೆ ನೆರವೇರುತ್ತಿದ್ದವು.

ವಿದ್ಯುತ್ ಮಗ್ಗ ಬಂದ ಮೇಲೆ ಈ ಹೊಂದಾಣಿಕೆ ಕೆಟ್ಟಿತು. ತಗಡಿನ ಮಾಡು ಬೇಸಿಗೆಯಲ್ಲಿ ಕಾಯುತ್ತದೆ. ನೂಲು ಹರಿಯದಿರಲೆಂದು ಕಿಟಕಿ ಮುಚ್ಚಿದರೆ ಕಾವು, ಹತ್ತಿಯ ಜುಂಗು, ಗಂಜಿಯ ಧೂಳು ಒಳಗೇ ಉಳಿಯುತ್ತವೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ರಜೆಯ ಮರುದಿನದ ಎದೆಬಿಗಿತದಿಂದ ಆರಂಭವಾಗುತ್ತದೆ. ನೂಲುವ ಗಿರಣಿಗಳಲ್ಲಿ ಅದರ ಬಾಧೆ ಹೆಚ್ಚು. ನೇಯುವವರೂ ಅದರಿಂದ ಪೂರ್ಣ ಮುಕ್ತರಲ್ಲ. ಬಟ್ಟೆಗೆ ಹಿತವಾದ ಗಾಳಿ ನೇಯುವವನಿಗೆ ಅಹಿತವಾಗುವ ವಿಪರ್ಯಾಸ ಇಲ್ಲಿದೆ.

1948ರ ಕಾರ್ಖಾನೆಗಳ ಕಾಯ್ದೆ ಈ ಸಂಗತಿಗಳನ್ನು ಬೇರೆಬೇರೆಯಾಗಿಯೇ ಗುರುತಿಸಿತ್ತು: 13ನೆಯ ಕಲಮು ಗಾಳಿ–ಉಷ್ಣತೆಗೆ, 14ನೆಯದು ಧೂಳಿಗೆ, 15ನೆಯದು ಕೃತಕ ತೇವಕ್ಕೆ ಸಂಬಂಧಿಸಿದ್ದವು. ಆದರೆ ವಿದ್ಯುತ್ ಬಳಸುವ ಕಡೆ ಸಾಮಾನ್ಯವಾಗಿ 10 ಜನ ಕೆಲಸಗಾರರಿದ್ದರೆ ಮಾತ್ರ ಅದು ಅನ್ವಯಿಸುತ್ತಿತ್ತು. ಮನೆಗೆ ಹೊಂದಿಕೊಂಡ ಎರಡು–ನಾಲ್ಕು ಮಗ್ಗಗಳ ಶೆಡ್ಡುಗಳು ಸಹಜವಾಗಿಯೇ ಅದರ ಹೊರಗುಳಿದವು.

ಪರಿಹಾರಕ್ಕೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಒಳಬರುವ ಗಾಳಿಯನ್ನು ತಗ್ಗಿನಲ್ಲಿ ಒದ್ದೆ ಚಾಪೆಯ ಮೂಲಕ ಹಾಯಿಸಿದರೆ ತಂಪೂ ತೇವವೂ ಒಟ್ಟಿಗೆ ದೊರೆಯುತ್ತವೆ. ಮಾಡಿನ ನೆತ್ತಿಯಲ್ಲಿ ಬೆಳಕಿಂಡಿಯಂಥ ಕಂಡಿಯಿದ್ದರೆ ಕಾದ ಗಾಳಿ ತಾನೇ ಹೊರಹೋಗುತ್ತದೆ. ಒಳದಾರಿ–ಹೊರದಾರಿಗಳ ಎತ್ತರದ ಅಂತರ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟಾಗುತ್ತದೆ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವವಾಗಿರುವುದರಿಂದ ಕಿಟಕಿ ತೆರೆದಿಡಬಹುದು. ಪಂಖ ಅನಿವಾರ್ಯವಾದಲ್ಲಿ ಒಂದನ್ನು ಪೂರ್ಣ ವೇಗದಲ್ಲಿ ನಡೆಸುವುದಕ್ಕಿಂತ ಎರಡನ್ನು ಅರ್ಧ ವೇಗದಲ್ಲಿ ನಡೆಸುವುದು ಮೇಲು: ಗಾಳಿ ಅಷ್ಟೇ, ವಿದ್ಯುತ್ತು ತತ್ತ್ವತಃ ಕಾಲುಭಾಗ. ಜುಂಗನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದೂ ಅಷ್ಟೇ ಮುಖ್ಯ.

ಹಳೆಯ ಮಾಳಿಗೆ ಮನೆಗಳು ಕುಸಿಯುತ್ತಿರುವ ಈ ಹೊತ್ತಿನಲ್ಲಿ ಬೆಳಕಿಂಡಿಯ ಅಳತೆ, ಸ್ಥಾನ, ಅದನ್ನು ಮುಚ್ಚಿ ತೆರೆಯುವ ವೇಳೆಗಳನ್ನು ಕ್ಷೇತ್ರಕಾರ್ಯದಲ್ಲಿ ದಾಖಲಿಸುವುದು ಅಗತ್ಯ. ಜನಪದ ಜ್ಞಾನದ ಸಂಗ್ರಹವೆಂಬ ದೃಷ್ಟಿಯಿಂದ ಮಾತ್ರವಲ್ಲ, ತಗಡಿನ ಮಾಡಿನಡಿ ಇಂದಿಗೂ ನೇಯುತ್ತಿರುವವರ ಉಸಿರಿನ ದೃಷ್ಟಿಯಿಂದಲೂ ಈ ಕೆಲಸ ತುರ್ತಾಗಿ ಆಗಬೇಕಾಗಿದೆ.