ಅಡಗಿಸಿಡುವ ಪಿಸ್ತೂಲು ಎಷ್ಟು ಚಿಕ್ಕದಿರಬೇಕು?

ಪ್ರಶ್ನೆ: ಅಮೆರಿಕದಲ್ಲಿ ಅಂಗಿಯಡಿ ಪಿಸ್ತೂಲು ಇಟ್ಟುಕೊಂಡು ಓಡಾಡುವವರೆಲ್ಲ ತೀರಾ ಪುಟ್ಟದನ್ನೇ ಏಕೆ ಕೊಳ್ಳುವುದಿಲ್ಲ?

ಉತ್ತರ: ಪುಟ್ಟದು ಸುಲಭವಾಗಿ ಅಡಗುತ್ತದೆ, ಆದರೆ ಕೈಗೆ ಪಳಗುವುದು ಕಷ್ಟ. ಅದೇ ಗುಂಡನ್ನು ಹಗುರ ಪಿಸ್ತೂಲಿನಿಂದ ಹಾರಿಸಿದರೆ ಹಿಂದೊದೆತ ಜೋರು. ಹಿಡಿ ಗಿಡ್ಡವಾದರೆ ಕಿರುಬೆರಳಿಗೆ ಜಾಗವೇ ಇರದು. ಗುರಿ ತಪ್ಪುತ್ತದೆ. ಅದಕ್ಕೇ 1988ರಲ್ಲಿ ಬಂದ ಗ್ಲಾಕ್ 19 ಇಂದಿಗೂ ಜನಪ್ರಿಯ: ಸುಮಾರು 4 ಇಂಚಿನ ನಳಿಗೆ, 15 ಗುಂಡು. 2018ರ ಸಿಗ್ ಪಿ365 ಇನ್ನೂ ತೆಳು, ನಳಿಗೆ 3.1 ಇಂಚು, ಆದರೂ ಮ್ಯಾಗಜೀನಿನಲ್ಲಿ 10 ಗುಂಡು. ಅಂಗಿಯಡಿ ಉಬ್ಬಿ ಗುಟ್ಟು ಬಿಟ್ಟುಕೊಡುವುದು ಹೆಚ್ಚಾಗಿ ನಳಿಗೆಯಲ್ಲ, ಹಿಡಿಯ ತುದಿ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಇಲ್ಲದಿದ್ದರೆ ಯಾವ ಪಿಸ್ತೂಲೂ ಅಪಾಯವೇ. ಅಂದಹಾಗೆ, ಗ್ಲಾಕ್ 19, ಪಿ365 ಎರಡೂ 9 ಎಂಎಂ ಗುಂಡಿನ ಪಿಸ್ತೂಲುಗಳು. ಭಾರತದಲ್ಲಿ ಆ ಅಳತೆ ನಿಷೇಧಿತ ಬೋರ್, ಸಾಮಾನ್ಯ ನಾಗರಿಕರಿಗೆ ಪರವಾನಗಿ ಸಿಗದು.