ನೀಲಿ ಗೆರೆ ಮುಗಿದ ಮೇಲೆ

ಹನೂರಿನಿಂದ ಲೊಕ್ಕನಹಳ್ಳಿ ಕಡೆ ಹೊರಟು, ಡಾಂಬರು ಬಿಟ್ಟು ಮಣ್ಣುದಾರಿಗೆ ಸೈಕಲ್ ಇಳಿಸಿದರೆ ಮೊದಲ ಒಂದೆರಡು ಕಿಲೋಮೀಟರು ಸಲೀಸು. ಟ್ರ್ಯಾಕ್ಟರ್ ಚಕ್ರದ ಎರಡು ಜಾಡು, ನಡುವೆ ಗರಿಕೆ, ಎರಡೂ ಬದಿಗೆ ಮುಸುಕಿನ ಜೋಳ. ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನಲ್ಲಿ ನೀಲಿ ಗೆರೆ ನೆಟ್ಟಗೆ ಮುಂದಕ್ಕೆ ಹೋಗುತ್ತಿರುತ್ತದೆ. ಆಮೇಲೆ ಒಂದು ಕಡೆ ಜಾಡು ಎಡಕ್ಕೆ ಹೊರಳಿ ಪಂಪ್‌ಸೆಟ್ ಮನೆಯ ಮುಂದೆ ನಿಂತುಬಿಡುತ್ತದೆ. ಗೆರೆ ನಿಲ್ಲುವುದಿಲ್ಲ, ಅರಿಶಿನದ ತಾಕಿನ ಮೇಲೆ ಹಾದು ಆಚೆ ಊರು ಸೇರುತ್ತದೆ. ಎದುರಿಗೆ ಎರಡು ಕಲ್ಲುಕಂಬ, ನಡುವೆ ಅಡ್ಡ ಇಟ್ಟ ಒಂದು ಬಿದಿರು ಗಳ.

ಆ ಗಳವನ್ನು ಹತ್ತಿರ ಹೋಗಿ ನೋಡಬೇಕು. ದನ ಬೆಳೆಗೆ ನುಗ್ಗದಿರಲಿ ಎಂದು ಇಟ್ಟದ್ದು ಅದು. ಒಂದು ತುದಿಯನ್ನು ಗೊಬ್ಬರದ ಚೀಲದ ದಾರದಿಂದ ಕಂಬಕ್ಕೆ ಬಿಗಿದಿರುತ್ತಾರೆ, ಇನ್ನೊಂದು ತುದಿ ಸಡಿಲ. ಸಡಿಲ ತುದಿ ಕೈ ತಾಗಿ ತಾಗಿ ಎಣ್ಣೆ ಹಚ್ಚಿದಂತೆ ನುಣುಪಾಗಿದ್ದರೆ ದಿನವೂ ಯಾರೋ ಸರಿಸಿ ದಾಟುತ್ತಿದ್ದಾರೆ ಎಂದು ಅರ್ಥ. ಬೂದು ಬಣ್ಣಕ್ಕೆ ತಿರುಗಿ, ಮೂಲೆಯಲ್ಲಿ ಜೇಡ ಬಲೆ ಕಟ್ಟಿದ್ದರೆ ಆ ದಾರಿಯಲ್ಲಿ ಓಡಾಟ ನಿಂತು ಎಷ್ಟೋ ದಿನವಾಗಿದೆ. ಉಪಗ್ರಹ ಹೇಳದ ಈ ಸಂಗತಿಯನ್ನು ಆ ಗಳ ಹೇಳುತ್ತದೆ. ಉಳಿದದ್ದನ್ನು ಹೊಲದವರನ್ನು ಕೇಳಿಯೇ ತಿಳಿಯಬೇಕು. ಅವರೂ ಕೇಳುತ್ತಾರೆ: "ಎಲ್ಲಿಗ ಹೋಗ್ಬೇಕಿತ್ತು ಸ್ವಾಮಿ?"

ಬೆಂಗಳೂರು, ಮೈಸೂರಿನ ಸೈಕಲ್ ಸವಾರರಿಗೆ ಕೊಳ್ಳೇಗಾಲದ ಸುತ್ತಿನ ಪ್ರದೇಶ ಹೊಸದಲ್ಲ. ಶಿವನಸಮುದ್ರ, ಬಿಳಿಗಿರಿರಂಗನ ಬೆಟ್ಟ, ಮಾದಪ್ಪನ ಬೆಟ್ಟ, ಮೂರಕ್ಕೂ ಇದೇ ಬಾಗಿಲು. 'ಬೈಕ್‌ಪ್ಯಾಕಿಂಗ್' ಎಂಬ ಮಾತು ಮಾತ್ರ ಈಚಿನದು. ಬೈಕ್ ಎಂದರೆ ನಮ್ಮಲ್ಲಿ ಮೋಟಾರು ಬೈಕು. ಇದು ಪೆಡಲ್ ತುಳಿಯುವ ಸೈಕಲ್ಲಿನ ಪ್ರವಾಸ. ಹಿಂದೆ ಕ್ಯಾರಿಯರ್ ಇಲ್ಲ. ಹಾಸಿಗೆ, ಗುಡಾರ, ತಿಂಡಿ, ಪಂಚರ್ ಸಾಮಾನು ಎಲ್ಲವನ್ನೂ ಸೈಕಲ್ಲಿನ ಮೈಗೇ ಬಿಗಿದ ಚೀಲಗಳಲ್ಲಿ ತುಂಬಿ, ಹೆದ್ದಾರಿ ತಪ್ಪಿಸಿ, ಮಣ್ಣುದಾರಿಯಲ್ಲೇ ದಿನಗಟ್ಟಲೆ ಹೋಗುವುದು. ಅಮೆರಿಕದಲ್ಲಿ ರಾಕಿ ಪರ್ವತಗಳ ಬೆನ್ನಿನ ಮೇಲೆ ಸಾಗುವ 'ಗ್ರೇಟ್ ಡಿವೈಡ್' ಸೈಕಲ್ ಮಾರ್ಗವನ್ನು ಅಲ್ಲಿನ ಸಂಸ್ಥೆಯೊಂದು 1997ರಲ್ಲಿ ನಕ್ಷೆ ಸಮೇತ ತೆರೆಯಿತು. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯೇ ಜನರಿಗೆ ಬಹುಪಾಲು ನೆಲದ ಮೇಲೆ ಜವಾಬ್ದಾರಿಯಿಂದ ಓಡಾಡುವ ಹಕ್ಕು ಕೊಟ್ಟಿದೆ. ಇಲ್ಲಿ ಅಂಥ ನಕ್ಷೆಯೂ ಇಲ್ಲ, ಅಂಥ ಕಾಯ್ದೆಯೂ ಇಲ್ಲ. ದಾರಿಗಳಿಗೆ ಮಾತ್ರ ಬರವಿಲ್ಲ.

ಕಾಗದದ ಮೇಲೆ ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಕಥೆ ಒಂದೇ ಅಲ್ಲ. ಕೊಳ್ಳೇಗಾಲ, ಅದರೊಳಗಿದ್ದ ಹನೂರು, 1956ರ ನವೆಂಬರ್ 1ರವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಸೀಮೆ. ಮದ್ರಾಸಿನವರು ನೆಲ ಅಳೆದದ್ದು ಸೆಂಟಿನಲ್ಲಿ, ಎಕರೆಗೆ ನೂರು; ಮೈಸೂರಿನವರು ಗುಂಟೆಯಲ್ಲಿ, ಎಕರೆಗೆ ನಲವತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, 2018ರಲ್ಲಿ ಹನೂರು ತಾಲ್ಲೂಕಾಯಿತು. ಸರ್ವೆ ಆಫ್ ಇಂಡಿಯಾದ ಟೋಪೋ ನಕ್ಷೆಗಳಲ್ಲೂ ಈ ಸೀಮೆ ಒಂದೇ ಹಾಳೆಗೆ ಹಿಡಿಯುವುದಿಲ್ಲ. 12 ಡಿಗ್ರಿ ಅಕ್ಷಾಂಶದ ಗೆರೆ ಇಲ್ಲೇ ಹಾದುಹೋಗುವುದರಿಂದ ಕೊಳ್ಳೇಗಾಲ ಪಟ್ಟಣ 57ಎಚ್ ಸರಣಿಯಲ್ಲಿದ್ದರೆ, ತೆಂಕಣ ಕಾಡುಗಳು 58ಇ ಸರಣಿಗೆ ಸರಿಯುತ್ತವೆ. ಬಂಡಿದಾರಿ, ಕಾಲುದಾರಿಗಳಿಗೆ ಆ ಹಾಳೆಗಳಲ್ಲಿ ಬೇರೆ ಬೇರೆ ಗುರುತುಗಳಿವೆ. ಫೋನಿನ ನಕ್ಷೆಯಲ್ಲಿ ಕಾಣದ ಎಷ್ಟೋ ಹಳೆಯ ಜಾಡು ಅಲ್ಲಿ ಸಿಗುತ್ತದೆ. ಆದರೆ ಅಳತೆಯಾದಾಗ ಇದ್ದ ದಾರಿ ಇವತ್ತಿಗೂ ಇದೆ ಎಂದು ಆ ಹಾಳೆ ಮಾತು ಕೊಟ್ಟಿಲ್ಲ.

ಕಂದಾಯ ದಾಖಲೆಯಲ್ಲಿ ದಾರಿ ಅಡಗಿರುವ ಜಾಗ ಇನ್ನೊಂದಿದೆ. ಪಹಣಿಯಲ್ಲಿ 'ಖರಾಬು' ಎಂಬ ಕಲಂ ಇರುತ್ತದೆ. ಬೇಸಾಯಕ್ಕೆ ಬಾರದ ಬಂಡೆ, ಕೊರಕಲು 'ಅ' ಖರಾಬು. ರಸ್ತೆ, ರೂಢಿಯ ಕಾಲುದಾರಿ, ಊರವರು ಬಳಸುವ ಹಳ್ಳ, ಕೆರೆ, ಸ್ಮಶಾನ ಇವು 'ಬ' ಖರಾಬು. ಸುತ್ತಲಿನ ಹೊಲ ಯಾರದೇ ಆಗಿರಲಿ, ಅಷ್ಟು ತುಂಡು ಸಾರ್ವಜನಿಕರದು. ಕಂದಾಯ ಇಲಾಖೆಯ 'ದಿಶಾಂಕ್' ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಅಲ್ಲೇ ಕಾಣುತ್ತದೆ. ನಕ್ಷೆಯಲ್ಲಿ ಬಂಡಿದಾರಿ ಇದ್ದು, ನೆಲದ ಮೇಲೆ ಅದನ್ನು ಉತ್ತು ಬಾಳೆ ಹಾಕಿರುವುದು ಈ ಸೀಮೆಯಲ್ಲೂ ಉಂಟು. ಹಿಂದಿನ ಹೊಲದವರು ಗೊಬ್ಬರದ ಗಾಡಿ ಸಾಗಿಸಲಾಗದೆ ತಾಲ್ಲೂಕು ಕಚೇರಿಗೆ ಅಲೆಯುತ್ತಾರೆ. ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದು ಬಳಸಿದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆ ರಕ್ಷಣೆ ಕೊಡುತ್ತದೆ. ಆ ಹಕ್ಕು ಇಲ್ಲಿ ಉಳುವವರದು. ಅರ್ಧ ದಿನ ಹಾದುಹೋಗುವ ಸವಾರನಿಗೆ ಇರುವುದು ಹೊಲದವರ ಅನುಮತಿ ಮಾತ್ರ. ಬೆದರಿಕೆ, ಅವಮಾನ, ಕಿರುಕುಳ ಅಥವಾ ಬೇರೆ ಅಪರಾಧದ ಉದ್ದೇಶವಿಲ್ಲದೆ ಹೊಲಕ್ಕೆ ಕಾಲಿಟ್ಟರೆ ಅದು ಕ್ರಿಮಿನಲ್ ಅತಿಕ್ರಮವಾಗುವುದಿಲ್ಲ, ನಿಜ. ಹಾಗೆಂದು ಬೆಳೆ ತುಳಿದು ಹೋಗುವುದು ನ್ಯಾಯವಾಗುವುದಿಲ್ಲ.

ಕೊಳ್ಳೇಗಾಲ, ಯಳಂದೂರು ಕಡೆ ಕೇಳದೆ ನುಗ್ಗುವುದರ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದಕ್ಕೆ ರೇಷ್ಮೆಯೇ ಸಾಕ್ಷಿ. ಹಿಪ್ಪುನೇರಳೆ ತೋಟ ನೋಡಲು ಬರೀ ಸೊಪ್ಪಿನ ಸಾಲು. ಸಾಲಿನ ನಡುವೆ ಸೈಕಲ್ ತಳ್ಳಿಕೊಂಡು ಹೋದರೆ ಏನು ಹಾಳಾಗುತ್ತದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಆ ಸೊಪ್ಪು ಸಂಜೆಗೆ ಹುಳುವಿನ ಬಾಯಿಗೆ ಹೋಗುತ್ತದೆ. ಧೂಳು ಕೂತ ಎಲೆ, ಔಷಧಿ ಸೋಕಿದ ಎಲೆ ತಿಂದರೆ ಹುಳು ಜಡವಾಗುತ್ತದೆ, ಸಾಯುತ್ತದೆ. ಹುಳು ಮನೆಗೆ ಹೋಗುವವರು ಕೈಕಾಲು ತೊಳೆದು, ಬಾಗಿಲಲ್ಲಿ ಹಾಕಿದ ಬ್ಲೀಚಿಂಗ್ ಮತ್ತು ಸುಣ್ಣದ ಮೇಲೆ ಕಾಲಿಟ್ಟು ಒಳಗೆ ಅಡಿಯಿಡುತ್ತಾರೆ. ಹೊರಗೆ ಗೋಡೆಗೆ ಒರಗಿಸಿದ ಚಂದ್ರಿಕೆಗಳು ಕಂಡರೆ ಅದು ಹುಳು ಸಾಕುವ ಮನೆ. ಅದರ ಪಕ್ಕ ಗುಡಾರ ಹಾಕಿ ರಾತ್ರಿ ಸೊಳ್ಳೆಬತ್ತಿ ಹಚ್ಚಿದರೆ, ಸೊಳ್ಳೆ ಕೊಲ್ಲುವ ವಿಷವೇ ಹುಳುವನ್ನೂ ಕೊಲ್ಲುತ್ತದೆ. ತಿಂಗಳ ದುಡಿಮೆ, ಸಾಲದ ಕಂತು, ಮಗಳ ಫೀಸು ಎಲ್ಲವೂ ಆ ತಟ್ಟೆಗಳಲ್ಲಿರುತ್ತವೆ. ತಂಗಲು ಜಾಗ ಬೇಕಾದವರು ಇದನ್ನು ತಿಳಿದೇ ಹೊರಡಬೇಕು. ಮನೆಯಲ್ಲಿ ಹುಳು ಇದೆಯೇ ಎಂದು ಮೊದಲು ಕೇಳಿದವರನ್ನು ಈ ಕಡೆಯ ಹೆಂಗಸರು ಗೌರವದಿಂದ ನೋಡುತ್ತಾರೆ. ಶಾಲೆಯ ಜಗಲಿಯನ್ನೋ ಗುಡಿಯ ಪಡಸಾಲೆಯನ್ನೋ ಅವರೇ ತೋರಿಸುತ್ತಾರೆ, ನೀರಿಗೆ ಊರ ತೊಂಬೆ ಎಲ್ಲಿದೆ ಎಂದೂ ಹೇಳುತ್ತಾರೆ.

ಮಳೆಗಾಲದ ಮಾತು ಬೇರೆ. ಯಳಂದೂರಿನ ಎರೆಮಣ್ಣು ಒಂದು ಹದ ಮಳೆಗೆ ಟೈರಿಗೆ ಮೆತ್ತಿ, ಫೋರ್ಕಿನೊಳಗೆ ಕಿಕ್ಕಿರಿದು, ಚಕ್ರ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಕಡ್ಡಿಯಿಂದ ಕೆರೆದು ಹತ್ತು ಹೆಜ್ಜೆ ತಳ್ಳುವಷ್ಟರಲ್ಲಿ ಮತ್ತೆ ಅಷ್ಟೇ ಮಣ್ಣು. ಹನೂರಿನ ಕಡೆ ಕೆಂಪು ನೆಲ, ಅಲ್ಲಿ ಜಾಲಿ ಮುಳ್ಳಿನ ಕಾಟ.

ಹೊಲ ಮುಗಿದಲ್ಲಿ ಕಾಡು. ಚಾಮರಾಜನಗರ ಜಿಲ್ಲೆಯ ಸುಮಾರು ಅರ್ಧ ನೆಲ ಅರಣ್ಯ. ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆ ಮಹದೇಶ್ವರ ವನ್ಯಧಾಮ 2013ರದು, ವಿಸ್ತೀರ್ಣ ಸುಮಾರು 906 ಚದರ ಕಿ.ಮೀ.; ಅದರ ಪಕ್ಕದಲ್ಲೇ ಕಾವೇರಿ ವನ್ಯಧಾಮ. ಇಲ್ಲಿ ಹೊಲದವರ 'ಹೂಂ' ನಡೆಯುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಸಾರ್ವಜನಿಕ ರಸ್ತೆ ಬಿಟ್ಟು ವನ್ಯಧಾಮದೊಳಗೆ ಹೋಗಲು ಲಿಖಿತ ಅನುಮತಿ ಬೇಕು. ಆನೆ ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ತಡೆ ಕಂಡಲ್ಲಿ ಸೈಕಲ್ ಹಿಂದಕ್ಕೆ ತಿರುಗಬೇಕು. ಯಾರೋ ಅಪ್‌ಲೋಡ್ ಮಾಡಿದ ಜಾಡು ಕಂದಕದ ಆಚೆಗೂ ಹೋಗಿದೆ ಎಂಬುದು ಅನುಮತಿಯಾಗಲಾರದು. ಸಂಜೆಯ ಹೊತ್ತು ಹೊಲದಂಚಿನ ಅಟ್ಟಣೆ ಹತ್ತಿ ಬೆಳೆ ಕಾಯುವವರು ಕತ್ತಲಲ್ಲಿ ಸೈಕಲ್ ತುಳಿಯುವವರನ್ನು ಕಂಡರೆ ಗದರುತ್ತಾರೆ. ಸದ್ದಿಲ್ಲದೆ ಬರುವ ಸೈಕಲ್ ಆನೆಯ ತೀರ ಹತ್ತಿರ ಹೋಗುವವರೆಗೂ ಎರಡೂ ಕಡೆಯವರಿಗೆ ಗೊತ್ತಾಗುವುದಿಲ್ಲ.

ನಕ್ಷೆ ಇಲ್ಲದ ಕಾಡು ಎಂದು ಹೊರಗಿನವರು ಹೇಳುತ್ತಾರೆ. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರಿಗೆ ಅದು ಹಾಗಲ್ಲ. ಬಿಳಿಗಿರಿಯ ಕಾಡು ಅವರ ಲೆಕ್ಕದಲ್ಲಿ ಕುಲಕ್ಕೊಂದರಂತೆ ಹಂಚಿದ 'ಎಲ್ಲೆ'ಗಳು. ಒಂದೊಂದು ಎಲ್ಲೆಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ನೆಲೆಗಳು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಸೋಲಿಗ ಹಿರಿಯರು ಕಾಡು ಸುತ್ತಿ, ಜಿಪಿಎಸ್ ಹಿಡಿದು ಇಂಥ 489 ನೆಲೆಗಳನ್ನು ಗುರುತಿಸಿ ನಕ್ಷೆ ಮಾಡಿದರು. ಭಾರ್ಗವಿ ಹೊಳೆಯ ದಂಡೆಯ ದೊಡ್ಡಸಂಪಿಗೆ ಆ ನಕ್ಷೆಯ ದೊಡ್ಡ ಹೆಸರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಪೋಡಿನಿಂದ (ಸೋಲಿಗರ ಹಾಡಿಯಿಂದ) ಪೋಡಿಗೆ, ಪೋಡಿನಿಂದ ಅಬ್ಬಿಗೆ ಹೋಗುವ ಅವರ ಕಾಲುದಾರಿಗಳನ್ನು ಈಗ ಲಂಟಾನ ಮುಚ್ಚುತ್ತಿದೆ. ಹಿಂದೆ ಬೇಸಿಗೆಯ ಆರಂಭದಲ್ಲಿ ನೆಲದ ಮೇಲಿನ ತರಗೆಲೆಗೆ ಸಣ್ಣದಾಗಿ ಬೆಂಕಿ ಹಾಕುತ್ತಿದ್ದರು. ಆ 'ತರಗು ಬೆಂಕಿ'ಗೆ ತಡೆ ಬಿದ್ದ ಮೇಲೆ ಲಂಟಾನ ಹೆಚ್ಚಿತು ಎಂಬುದು ಹಿರಿಯರ ಮಾತು. ದಾರಿ ಉಳಿಯಬೇಕಾದರೆ ನಡೆಯುವವರು ಇರಬೇಕು, ಸವರುವ ಕತ್ತಿಯೂ ಇರಬೇಕು.

ದಾರಿ ಗೊತ್ತಿರುವುದೇ ಗುಮಾನಿಗೆ ಕಾರಣವಾಗುತ್ತಿದ್ದ ಕಾಲವೂ ಇಲ್ಲಿತ್ತು. ಕಾಡುಗಳ್ಳ ವೀರಪ್ಪನ್‌ನ ವರ್ಷಗಳಲ್ಲಿ ಮಲೆಯಂಚಿನ ಊರುಗಳು ಎರಡು ಬಂದೂಕುಗಳ ನಡುವೆ ಬದುಕಿದವು. ಹಿತ್ತಲ ಕಾಲುದಾರಿ ಬಲ್ಲವನು ಒಬ್ಬರಿಗೆ ಮಾರ್ಗದರ್ಶಿ, ಇನ್ನೊಬ್ಬರಿಗೆ ಮಾಹಿತಿದಾರ. 1993ರ ಪಾಲಾರ್ ಸ್ಫೋಟದ ನಂತರ ನೂರಕ್ಕೂ ಹೆಚ್ಚು ಜನ ಟಾಡಾ ಕಾಯ್ದೆಯಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕಳೆದರು. 2002ರಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯ ಮನೆಯಿಂದ ಅಪಹರಿಸಲಾಯಿತು. ಡಿಸೆಂಬರಿನಲ್ಲಿ ಚಂಗಡಿ ಕಾಡಿನಲ್ಲಿ ಶವ ಸಿಕ್ಕಿತು. ಅದೆಲ್ಲ 2004ರಲ್ಲಿ ವೀರಪ್ಪನ್ ಸಾವಿನೊಂದಿಗೆ ಮುಗಿಯಿತು. ಆದರೂ ಚೀಲ ಕಟ್ಟಿಕೊಂಡು ಕಾಡಿನಂಚಿನಲ್ಲಿ ಕಾಣಿಸಿಕೊಂಡ ಅಪರಿಚಿತನನ್ನು ಊರ ಹಿರಿಯರು ಎರಡು ಸಲ ಪ್ರಶ್ನಿಸಿದರೆ ಸವಾರ ಬೇಸರ ಮಾಡಿಕೊಳ್ಳಬಾರದು. ಈಚಿನ ಗಾಯವೂ ಹಸಿಯಿದೆ: 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ವಿಷಕ್ಕೆ ಸತ್ತವು. ಆಮೇಲೆ ಕಾಡಿನಲ್ಲಿ ದನ ಮೇಯಿಸುವುದೇ ವಿವಾದವಾಯಿತು. ದೊಡ್ಡಿಯಿಂದ ದೊಡ್ಡಿಗೆ ದನ ಸವೆಸಿದ ದಾರಿಗಳ ಗತಿಯೂ ಅದರ ಜೊತೆ ಸೇರಿಕೊಂಡಿದೆ.

ನಕ್ಷೆಯ ಹಂಗಿಲ್ಲದೆ ಸಾವಿರಾರು ಜನ ತಪ್ಪದೆ ನಡೆಯುವ ದಾರಿಯೂ ಇಲ್ಲೇ ಇದೆ. ಶಿವರಾತ್ರಿ ಹತ್ತಿರವಾದಂತೆ ಬೆಂಗಳೂರು, ರಾಮನಗರ, ಕನಕಪುರದ ಕಡೆಯ ಮಾದಪ್ಪನ ಒಕ್ಕಲು ಸಂಗಮದ ಬಳಿ ಕಾವೇರಿಗೆ ಇಳಿಯುತ್ತದೆ. ಹೊಳೆಗೆ ಅಡ್ಡ ಕಟ್ಟಿದ ಹಗ್ಗ ಹಿಡಿದು, ತಲೆಯ ಮೇಲೆ ಗಂಟು ಹೊತ್ತು ದಾಟಿ, ಬಸವನಕಡದ ಕಾಡುದಾರಿಯಲ್ಲಿ ನಡೆದು ಶಾಗ್ಯದ ಬಳಿ ಹನೂರು ಸೀಮೆಗೆ ಬಂದು ಸೇರುತ್ತದೆ. ಆ ಕೆಲವು ದಿನ ಮಾತ್ರ ಅರಣ್ಯ ಇಲಾಖೆ ದಾರಿ ಬಿಡುತ್ತದೆ. ಮುಂದೆ ಹೋದವರು ಎಬ್ಬಿಸಿದ ಧೂಳು, 'ಉಘೇ' ಎಂಬ ಕೂಗು, ಅರವಟ್ಟಿಗೆಯ ಮಜ್ಜಿಗೆ, ಇವೇ ಅವರ ಗುರುತು. ಉಳಿದ ದಿನ ಅದು ಆನೆಗಳ ದಾರಿ.

ಸವಾರ ಹುಡುಕಿಕೊಂಡು ಬರುವ ಕಲ್ಲು ಕೊರಕಲಿನ ಜಾಡೇ ಕೆಲವರಿಗೆ ದಿನದ ಬವಣೆ ಎಂಬುದನ್ನು ಮರೆಯುವಂತಿಲ್ಲ. ಮಾದಪ್ಪನ ಬೆಟ್ಟದಾಚೆಯ ಇಂಡಿಗನತ್ತ, ಮೆಂದಾರೆ, ಪಡಸಲನತ್ತದಂಥ ಊರುಗಳ ಜನ ಗರ್ಭಿಣಿಯರನ್ನು, ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಮತ್ತೆ ಮತ್ತೆ ಬಂದಿದೆ. 2024ರ ಏಪ್ರಿಲ್ 26ರಂದು ಇಂಡಿಗನತ್ತದಲ್ಲಿ ಮೂಲಸೌಕರ್ಯದ ಸಿಟ್ಟು ಮತಗಟ್ಟೆಯ ಮೇಲೆ ತಿರುಗಿತು, 29ರಂದು ಮರುಮತದಾನವಾಯಿತು. ಇಂಥ ದಾರಿಯ ಫೋಟೊ ಹಾಕಿ 'ಯಾರೂ ತುಳಿಯದ ಜಾಡು' ಎಂದು ಬರೆಯುವ ಮುನ್ನ ಅದನ್ನು ತುಳಿದವರು ಯಾರು, ಏನು ಹೊತ್ತು ತುಳಿದರು ಎಂದು ವಿಚಾರಿಸಬೇಕು.

ಮನೆಗೆ ಮರಳಿದ ಮೇಲೂ ಕೆಲಸವಿದೆ. 2021ರಿಂದ ನಕ್ಷೆ ಮಾಡುವ ನಿಯಮಗಳು ಸಡಿಲವಾಗಿವೆ; ಜನರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪಿಗಂತೂ ಯಾರು ಬೇಕಾದರೂ ದಾರಿ ಸೇರಿಸಬಹುದು. ಊರಿಂದೂರಿಗೆ ಹೋಗುವ ಬಂಡಿದಾರಿ ಸೇರಿಸಿದರೆ ಆಂಬುಲೆನ್ಸಿಗೂ ಉಪಕಾರ. ಒಬ್ಬರ ಹೊಲದ ಬದು, ಸೋಲಿಗರ ಕಲ್ಲುಗುಡಿಯ ಹಾದಿ, ಕಂದಕದಾಚೆಯ ಜಾಡು ಹಾಗಲ್ಲ. ಒಬ್ಬನಿಗೆ ಒಂದು ಮಧ್ಯಾಹ್ನ ಸಿಕ್ಕ ಅನುಮತಿ ಅಪ್‌ಲೋಡ್ ಆದೊಡನೆ ಕಾಣದ ನೂರು ಜನಕ್ಕೆ ಹಂಚಿಹೋಗುತ್ತದೆ, ಕೊಟ್ಟವರಿಗೆ ಅದು ಗೊತ್ತೇ ಇರುವುದಿಲ್ಲ. ಅಷ್ಟು ತುಂಡನ್ನು ಅಳಿಸಿ ಉಳಿದದ್ದನ್ನು ಹಂಚಿಕೊಳ್ಳುವ ಸೌಲಭ್ಯ ಈಗಿನ ಆ್ಯಪ್‌ಗಳಲ್ಲೇ ಇದೆ.

ಲೊಕ್ಕನಹಳ್ಳಿ ದಾರಿಯ ಆ ಗಳದ ಹತ್ತಿರ ಪಂಪ್‌ಸೆಟ್ ಮನೆಯಿಂದ ಬಂದವರು ಸೈಕಲ್ಲನ್ನು ಒಮ್ಮೆ, ಚೀಲಗಳನ್ನು ಒಮ್ಮೆ ನೋಡಿ ಕೈ ಚಾಚುತ್ತಾರೆ. "ಅರಿಶ್ಣ ತುಳೀಬ್ಯಾಡಿ, ಬದುನ್ ಮ್ಯಾಲೇ ತಳ್ಕಂಡೋಗಿ. ಬಸ್ವನ ಗುಡಿ ಸಿಗ್ತದ, ಅಲ್ಲಿ ಎರಡು ದಾರಿ ಅದ. ಎಡುಕ್ಕ ಹೋದ್ರ ಕಾಡು, ಬಲುಕ್ಕ ಹೋಗಿ. ಹುಣ್ಸೇಮರದತ್ರ ಒಂದು ಮನ ಅದ, ಅಲ್ಲಿ ಕೇಳಿ." ಗಳದ ಸಡಿಲ ತುದಿ ಸರಿಯುತ್ತದೆ, ಸೈಕಲ್ ಒಳಗೆ ಬರುತ್ತದೆ. ಹಿಂದೆ ಬಂದವರು ಅದನ್ನು ಮತ್ತೆ ಕಂಬಕ್ಕೆ ಕೂರಿಸುತ್ತಾರೆ.