ಹಿತ್ತಿಲಿಗೆ ಬಾತು ಬಂದ ಮೇಲೆ

ಖಾಕಿ ಕ್ಯಾಂಪ್‌ಬೆಲ್ ತಳಿಯ ಹೆಣ್ಣು ಬಾತು ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ಬೆಳೆಸಿದ ತಳಿಯಿದು. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಈ ತಳಿಯನ್ನೂ ಮಾಂಸಕ್ಕೆ ಹೆಸರಾದ ಬಿಳಿ ಪೆಕಿನ್ ತಳಿಯನ್ನೂ ಸಾಕಿ ಬೆಳೆಸುತ್ತ ಬಂದಿದೆ.

ಬಾತು ಗಟ್ಟಿ ಜೀವ. ಕೋಳಿಗೆ ಬರುವ ಎಷ್ಟೋ ರೋಗಗಳು ಅದನ್ನು ಅಷ್ಟಾಗಿ ಕಾಡುವುದಿಲ್ಲ. ಹಾಗಿದ್ದೂ ಮನೆಗೆ ತಂದ ಮರಿಗಳು ಸೊರಗುವುದುಂಟು. ಕೋಳಿಗೂಡು, ಕೋಳಿಯ ನೀರಿನ ತಟ್ಟೆ, ಕೋಳಿಮರಿಯ ಆಹಾರ ಎಲ್ಲವೂ ಬಾತಿಗೂ ಸಾಕು ಎಂದುಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ.

ಮೊದಲು ನೀರಿನ ಮಾತು. ಬಾತು ಸಾಕಲು ಕೆರೆಯೋ ಹೊಂಡವೋ ಇರಲೇಬೇಕೆಂದಿಲ್ಲ. ಈಜದೆಯೂ ಅದು ಬೆಳೆಯುತ್ತದೆ, ಮೊಟ್ಟೆ ಇಡುತ್ತದೆ. ಆದರೆ ತಲೆಯನ್ನು ಪೂರ್ತಿ ಮುಳುಗಿಸುವಷ್ಟು, ಅಂದರೆ ಐದಾರು ಅಂಗುಲ ಆಳದ ನೀರು ಬೇಕೇ ಬೇಕು. ಕಣ್ಣು, ಮೂಗಿನ ಹೊಳ್ಳೆಗಳನ್ನು ಅದು ತೊಳೆದುಕೊಳ್ಳುವುದು ಹೀಗೆಯೇ. ತಟ್ಟೆಯಷ್ಟು ನೀರು ಕೊಟ್ಟರೆ ಕಣ್ಣಿಗೆ ಪಿಸುರು ಕಟ್ಟಿ ಸೋಂಕಾಗುತ್ತದೆ. ತಿನ್ನುವಾಗಲೂ ಒಂದು ತುತ್ತಿಗೆ ಒಂದು ಗುಟುಕು ನೀರು ಬೇಡುವ ಹಕ್ಕಿಯಿದು. ಒಣ ಹಿಟ್ಟು ಗಂಟಲಲ್ಲಿ ಅಂಟಿ ಉಸಿರು ಕಟ್ಟಬಹುದು. ಆದ್ದರಿಂದ ತೌಡು, ನುಚ್ಚು ಏನೇ ಹಾಕಿದರೂ ಕಲಸಿ ಹಾಕಬೇಕು, ಪಕ್ಕದಲ್ಲೇ ನೀರಿರಬೇಕು.

ಇಷ್ಟು ನೀರಾಟದ ಹಕ್ಕಿಗೆ ಮಲಗುವ ಜಾಗ ಮಾತ್ರ ಒಣಗಿರಬೇಕು. ನೀರಿನ ಬೋಗುಣಿಯನ್ನು ಗೂಡಿನ ಹೊರಗೆ, ಚೆಲ್ಲಿದ್ದು ಬಾಳೆಯ ಬುಡಕ್ಕೆ ಹರಿದುಹೋಗುವಂತೆ ಇಡುವುದು ಒಳ್ಳೆಯದು. ಗೂಡಿನೊಳಗೆ ಭತ್ತದ ಹೊಟ್ಟನ್ನೋ ಒಣ ಹುಲ್ಲನ್ನೋ ದಪ್ಪಗೆ ಹಾಸಿ, ಒದ್ದೆಯಾದಾಗಲೆಲ್ಲ ಬದಲಿಸಬೇಕು. ಬಾತಿನ ಅಂಗಾಲು ಮೃದು. ಒರಟು ಸಿಮೆಂಟು, ಚೂಪು ಜಲ್ಲಿ ತರಚಿದ ಜಾಗದಲ್ಲಿ ಕೀವುಗಂಟು ಬೆಳೆಯುತ್ತದೆ. ಕುಂಟುವ ಬಾತನ್ನು ಕಂಡರೆ ಮೊದಲು ಅಂಗಾಲನ್ನು ತಿರುಗಿಸಿ ನೋಡಬೇಕು. ಎತ್ತುವಾಗ ಕಾಲು ಹಿಡಿದು ತೂಗಾಡಿಸುವುದಂತೂ ಕೂಡದು, ಕಾಲಿನ ಕೀಲುಗಳಿಗೆ ಪೆಟ್ಟಾಗುತ್ತದೆ. ರೆಕ್ಕೆಗಳ ಸಮೇತ ಮೈಯನ್ನು ತಬ್ಬಿ ಎತ್ತಬೇಕು.

ಮರಿಗಳದ್ದು ಇನ್ನೂ ನಾಜೂಕಿನ ವಿಷಯ. ಖಾಕಿ ಕ್ಯಾಂಪ್‌ಬೆಲ್ ಕಾವಿಗೆ ಕೂರುವುದು ಅಪರೂಪ. ಹೀಗಾಗಿ ಹಳ್ಳಿಗಳಲ್ಲಿ ಬಾತಿನ ಮೊಟ್ಟೆಯನ್ನು ಕೋಳಿಯ ಕೆಳಗೆ ಇಡುತ್ತಾರೆ. ಕೋಳಿಮೊಟ್ಟೆ 21 ದಿನಕ್ಕೆ ಒಡೆದರೆ ಬಾತಿನ ಮೊಟ್ಟೆಗೆ 28 ದಿನ. ಆ ಹೆಚ್ಚುವರಿ ವಾರ ಸೊರಗದಂತೆ ಹೇಂಟೆಗೆ ಮೇವು, ನೀರು ಕೊಟ್ಟು ಉಪಚರಿಸಬೇಕು. ತಾಯಿಬಾತಿನ ಮೈಯ ಎಣ್ಣೆ ಸೋಕದೆ ಬೆಳೆದ ಈ ಮರಿಗಳ ತುಪ್ಪಳ ಬೇಗ ನೆನೆದು ಭಾರವಾಗುತ್ತದೆ. ಬಾತಿನ ಮರಿ ತಾನೇ ಈಜುತ್ತದೆಂದು ತೊಟ್ಟಿಗೆ ಬಿಟ್ಟರೆ ಚಳಿ ಹಿಡಿದೋ ಮುಳುಗಿಯೋ ಸಾಯುತ್ತವೆ. ಮೊದಲ ವಾರಗಳಲ್ಲಿ ಕೊಕ್ಕು ಮುಳುಗುವಷ್ಟು ನೀರು ಸಾಕು. ಮೊದಲ ವಾರ ಸುಮಾರು 30 ಡಿಗ್ರಿ ಬಿಸಿ ಇದ್ದು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು.

ಮರಿಯ ಕಾಲು ಬಾಗಿ, ಮೊಣಗಂಟು ಊದಿದರೆ ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯಿರಬಹುದು. ಬಾತಿನ ಮರಿಗೆ ಇದು ಕೋಳಿಮರಿಗಿಂತ ಬಹಳ ಹೆಚ್ಚು ಬೇಕು. ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ. ಬ್ರೂವರ್ಸ್ ಯೀಸ್ಟ್ ಬೆರೆಸಿದರೆ ಕೊರತೆ ತುಂಬುತ್ತದೆ. ತಡಮಾಡಿದರೆ ಬಾಗಿದ ಕಾಲು ನೆಟ್ಟಗಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಬೂಷ್ಟಿಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು, ಬಾತಿನ ಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಅದಕ್ಕೆ ಹಿಡಿದಿದ್ದ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಿತ್ತು. ಬಾತಿನ ಮರಿಯ ಯಕೃತ್ತು ಈ ವಿಷಕ್ಕೆ ಎಷ್ಟು ಬೇಗ ಕೆಡುತ್ತದೆಂದರೆ, ಆಹಾರದಲ್ಲಿ ವಿಷವಿದೆಯೇ ಎಂದು ತಿಳಿಯಲು ವಿಜ್ಞಾನಿಗಳು ಅವನ್ನೇ ಬಳಸುತ್ತಿದ್ದರು. ಮಳೆಗಾಲದಲ್ಲಿ ಮುಗ್ಗಿದ ಮೆಕ್ಕೆಜೋಳ, ಹಳೆಯ ಹಿಂಡಿ, ನಿನ್ನೆ ಕಲಸಿಟ್ಟು ಹುಳಿತ ತೌಡು ಯಾವುದನ್ನೂ ದಂಡವಾಗುತ್ತದೆಂದು ಬಾತಿಗೆ ಸುರಿಯಬಾರದು. ಮಕ್ಕಳು ಪ್ರೀತಿಯಿಂದ ಎಸೆಯುವ ಬ್ರೆಡ್ಡು ಹೊಟ್ಟೆ ತುಂಬಿಸುತ್ತದೆ, ಪೋಷಣೆ ಕೊಡುವುದಿಲ್ಲ. ಸೊಪ್ಪು, ಬಸವನಹುಳು, ಎರೆಹುಳು ಸಿಗುವ ಹಿತ್ತಿಲಿದ್ದರೆ ಬಾತು ತಾನೇ ಹುಡುಕಿ ತಿನ್ನುತ್ತದೆ.

ಬಾತು ಮೊಟ್ಟೆಯಿಡುವುದು ಹೆಚ್ಚಾಗಿ ಬೆಳಗಿನ ಜಾವದಿಂದ ಒಂಬತ್ತರೊಳಗೆ. ಅದಕ್ಕೆ ಮೊದಲೇ ಹೊರಗೆ ಬಿಟ್ಟರೆ ಪೊದೆಯಲ್ಲೆಲ್ಲೋ ಇಟ್ಟುಬಿಡುತ್ತದೆ. ರಾತ್ರಿ ಗೂಡಿನ ಬಾಗಿಲು ಭದ್ರವಾಗಿರಲಿ. ನಾಯಿ, ಮುಂಗುಸಿ, ಕಾಡುಬೆಕ್ಕು ಕಾದಿರುತ್ತವೆ. ಗುಂಪಿನ ಅಂಚಿನಲ್ಲಿ ಮಲಗಿದ ಬಾತುಗಳು ಒಂದು ಕಣ್ಣು ತೆರೆದು, ಅರ್ಧ ಮಿದುಳನ್ನು ಎಚ್ಚರವಿಟ್ಟುಕೊಂಡು ನಿದ್ರಿಸುತ್ತವೆಂದು ಅಮೆರಿಕದ ಸಂಶೋಧಕರು 1999ರಲ್ಲಿ ತೋರಿಸಿದ್ದಾರೆ. ಇಷ್ಟು ಅಂಜುವ ಹಕ್ಕಿಯನ್ನು ಒಂಟಿಯಾಗಿ ಸಾಕುವುದು ಅನ್ಯಾಯ. ಕಡಿಮೆಯೆಂದರೂ ಎರಡು ಮೂರಾದರೂ ಇರಲಿ. ಗಂಡು ಹೆಚ್ಚಾದರೆ ಹೆಣ್ಣುಗಳ ಕುತ್ತಿಗೆಯ ಗರಿ ಕಿತ್ತು ಗಾಯವಾಗುತ್ತದೆ. ಐದಾರು ಹೆಣ್ಣಿಗೆ ಒಂದು ಗಂಡು ಸಾಕು.

ಬಾತಿನ ಪ್ಲೇಗ್ ಎಂಬ ವೈರಸ್ ರೋಗಕ್ಕೆ ಮದ್ದಿಲ್ಲ, ಲಸಿಕೆ ಇದೆ. 8ರಿಂದ 12 ವಾರದೊಳಗೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಮತ್ತೆ ಹಾಕಿಸಬೇಕು. ಹಕ್ಕಿಜ್ವರದ ವಿಷಯ ಬೇರೆ. 2014ರ ನವೆಂಬರಿನಲ್ಲಿ ಕೇರಳದ ಕುಟ್ಟನಾಡಿನ ಬಾತುಗಳಿಗೆ ಅದು ತಗಲಿದಾಗ ಹಿಂಡು ಹಿಂಡುಗಳನ್ನೇ ಕೊಲ್ಲಬೇಕಾಯಿತು. ಹೊರಗೆ ಲಕ್ಷಣ ತೋರದೆಯೂ ಬಾತು ಈ ವೈರಸ್ಸನ್ನು ಹೊತ್ತಿರಬಲ್ಲದು. ಕೆಲವು ಹಕ್ಕಿಗಳು ಒಮ್ಮೆಲೇ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಕೆರೆಗೆ ಎಸೆಯದೆ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

ಬಾತು ಎಂಟು ಹತ್ತು ವರ್ಷ ಬದುಕಬಲ್ಲದು, ಮೊಟ್ಟೆ ಮಾತ್ರ ಎರಡು ಮೂರು ವರ್ಷದ ನಂತರ ಇಳಿಯುತ್ತದೆ. ಮೈಭಾರದ ಬಿಳಿ ಪೆಕಿನ್ ಹಾರಲಾರದು. ಬೇಡವೆನಿಸಿದಾಗ ಊರ ಕೆರೆಗೆ ಬಿಟ್ಟುಬಂದರೆ ಅದು ನಾಯಿಗಳ ಪಾಲು. ದಯವಿಟ್ಟು ಹಾಗೆ ಬಿಡಬೇಡಿ. ಅಷ್ಟು ವರ್ಷ ನೋಡಿಕೊಳ್ಳಲು ಆಗದಿದ್ದರೆ, ಮರಿ ತರುವ ಮೊದಲೇ ಆ ಆಸೆಯನ್ನು ಬಿಡಿ.